ಮಂದಣ್ಣ ಕಂಡದ್ದು: ‘ಕರ್ವಾಲೋ’ ಕಾದಂಬರಿಯ ಮರು ಓದು

ಕೆಲವು ಪುಸ್ತಕಗಳನ್ನು ಓದುಗರು ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ. ಮನಸ್ಸು ಮುದುಡಿದಾಗ, ಅಂಕಗಳು ನಿರೀಕ್ಷೆಯಂತೆ ಬಾರದಿದ್ದಾಗ, ಊರು ಬಿಟ್ಟು ಹಾಸ್ಟೆಲಿಗೆ ಬಂದ ಮೊದಲ ತಿಂಗಳುಗಳಲ್ಲಿ ಅವನ್ನು ಮತ್ತೆ ತೆರೆಯುತ್ತಾರೆ. ಕಥೆ ಗೊತ್ತಿದ್ದೂ ಓದುತ್ತಾರೆ. ಮುಂದೇನಾಗುವುದೆಂಬುದು ತಿಳಿದಿರುವುದೇ ಒಂದು ನೆಮ್ಮದಿ. ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕ ವಿಭಾಗವಿದೆ. ಕನ್ನಡದಲ್ಲಿ ಮಕ್ಕಳ ಸಾಹಿತ್ಯವುಂಟು, ಪ್ರೌಢ ಸಾಹಿತ್ಯವುಂಟು. ಇವೆರಡರ ನಡುವಣ ವಯಸ್ಸಿಗೆ ಗಟ್ಟಿಯಾಗಿ ನೆಲೆನಿಂತ ಪ್ರಕಾರವಿಲ್ಲ. ಆ ವಯಸ್ಸಿನವರು ಪ್ರೌಢರ ಕಪಾಟಿನಿಂದ ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡಿದ್ದಾರೆ. ಹಾಗೆ ಆರಿಸಿಕೊಂಡ ಕೃತಿಗಳಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಮುಖ್ಯವಾದುದು.

ಈ ಕಾದಂಬರಿ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆಯಿಂದ ಬಂದು ಐಚ್ಛಿಕ ಕನ್ನಡ ಓದುತ್ತಿರುವ ವಿದ್ಯಾರ್ಥಿಗೆ ಏಕೆ ಮತ್ತೆ ಮತ್ತೆ ಓದತಕ್ಕದ್ದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಲೆನಾಡಿನ ಕಾಡು ಈ ಬಯಲುಸೀಮೆಗೆ ದೂರದ್ದು. ಆದರೆ ಕಾದಂಬರಿಯ ಹೃದಯದಲ್ಲಿರುವ ಪ್ರಶ್ನೆ ಇಲ್ಲಿಯವರಿಗೆ ತೀರ ಹತ್ತಿರದ್ದು: ಶಾಲೆ ಒಪ್ಪದ ತಿಳಿವಳಿಕೆಗೆ ಬೆಲೆಯುಂಟೆ?

ಕೃತಿ ಮತ್ತು ಕಾಲ

ತೇಜಸ್ವಿಯವರು (1938–2007) ಕುವೆಂಪು ಅವರ ಮಗ. ಮೈಸೂರಿನಲ್ಲಿ ಓದಿ, ನಗರದ ಉದ್ಯೋಗವನ್ನು ಅರಸದೆ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆ ಕೃಷಿಕರಾಗಿ ನೆಲೆಸಿದವರು. ಆರಂಭದಲ್ಲಿ ನವ್ಯದ ಪ್ರಭಾವದಲ್ಲಿ ಬರೆದರು. 1973ರಲ್ಲಿ ಪ್ರಕಟವಾದ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ಆ ಮಾರ್ಗದಿಂದ ದೂರ ಸರಿಯುವ ನಿಲುವನ್ನು ಸ್ಪಷ್ಟಪಡಿಸಿದರು. ‘ಕರ್ವಾಲೋ’ 1980ರಲ್ಲಿ ಪ್ರಕಟವಾಯಿತು. ನವ್ಯದ ನಾಯಕ ಸಾಮಾನ್ಯವಾಗಿ ಓದಿದವನು, ಒಳಗೊಳಗೇ ಬೇಯುವವನು, ತನ್ನ ಊರಿಗೆ ಪರಕೀಯನಾದವನು. ‘ಕರ್ವಾಲೋ’ದಲ್ಲಿ ಕಣ್ಣು ಒಳಗಿನಿಂದ ಹೊರಗೆ ತಿರುಗುತ್ತದೆ: ಜೇನುಹುಳು, ಗದ್ದೆ, ನಾಯಿ, ಅಡುಗೆ, ಮರ, ಓತಿಕೇತ. ಈ ತಿರುವನ್ನು ಗುರುತಿಸದೆ ಕೃತಿಯ ಹಗುರವಾದ ಧಾಟಿಯನ್ನಷ್ಟೇ ಸವಿದರೆ ಅದರ ಸಾಹಿತ್ಯಚರಿತ್ರೆಯ ಮಹತ್ತ್ವ ತಪ್ಪಿಹೋಗುತ್ತದೆ.

ಕಥೆ ಉತ್ತಮ ಪುರುಷದಲ್ಲಿದೆ. ನಿರೂಪಕ ಮೂಡಿಗೆರೆಯ ಕಡೆಯ ಒಬ್ಬ ಕೃಷಿಕ. ಅವನನ್ನು ತೇಜಸ್ವಿಯವರೇ ಎಂದು ಭಾವಿಸಲು ಬೇಕಾದಷ್ಟು ಕುರುಹುಗಳಿದ್ದರೂ, ನಿರೂಪಕನನ್ನೂ ಲೇಖಕನನ್ನೂ ಬೇರೆಯಾಗಿಟ್ಟು ನೋಡುವುದು ಅಭ್ಯಾಸಿಗಳ ಮೊದಲ ಶಿಸ್ತು. ನಿರೂಪಕ ತಪ್ಪಾಗಿ ಅಳೆಯುತ್ತಾನೆ, ಅನುಮಾನಿಸುತ್ತಾನೆ, ಸಿಡುಕುತ್ತಾನೆ. ಅವನ ಈ ತಪ್ಪಳತೆಗಳನ್ನು ನಮಗೆ ಕಾಣಿಸುತ್ತಿರುವವನು ಲೇಖಕ.

ಮೊದಲ ಓದು: ಓತಿಯ ಬೆನ್ನಿನಲ್ಲಿ

ಮೊದಲ ಬಾರಿ ಓದುವವರನ್ನು ಹಿಡಿದಿಡುವುದು ಹಾರುವ ಓತಿ. ಜೇನು ಸೊಸೈಟಿಯ ಸುತ್ತ ಆರಂಭವಾಗುವ ಕಥೆ ಮಂದಣ್ಣನೆಂಬ ಹಳ್ಳಿಯ ಯುವಕನನ್ನು, ಅವನ ಮೂಲಕ ವಿಜ್ಞಾನಿ ಕರ್ವಾಲೋ ಅವರನ್ನು ಪರಿಚಯಿಸುತ್ತದೆ. ಕಾಲಗರ್ಭದಲ್ಲಿ ಮರೆಯಾಯಿತೆಂದು ತಿಳಿದಿದ್ದ ಜೀವಿಯೊಂದನ್ನು ಮಂದಣ್ಣ ಕಾಡಿನಲ್ಲಿ ಕಂಡಿದ್ದಾನೆ. ಅದನ್ನು ಹುಡುಕಲು ತಂಡವೊಂದು ಹೊರಡುತ್ತದೆ. ಕರ್ವಾಲೋ, ನಿರೂಪಕ, ಮಂದಣ್ಣ, ಛಾಯಾಗ್ರಾಹಕ ಪ್ರಭಾಕರ, ಅಡುಗೆಗೂ ಮರ ಹತ್ತುವುದಕ್ಕೂ ಹೆಸರಾದ ಬಿರಿಯಾನಿ ಕರಿಯಪ್ಪ, ಯಂಗ್ಟ, ಜೊತೆಗೆ ‘ಕಿವಿ’ ಎಂಬ ನಾಯಿ. ದಟ್ಟ ಕಾಡಿನ ಅಂಚಿನಲ್ಲಿ ಓತಿ ಕಾಣಿಸಿಕೊಳ್ಳುತ್ತದೆ. ಇನ್ನೇನು ಸಿಕ್ಕಿತೆನ್ನುವಾಗ ಕೈಗೆಟುಕದ ಆಳಕ್ಕೆ ತೇಲಿ ಮರೆಯಾಗುತ್ತದೆ.

ಲೋಕದ ಲೆಕ್ಕದಲ್ಲಿ ಇದು ಸೋಲು. ಹಿಡಿಯಹೋದದ್ದು ಸಿಗಲಿಲ್ಲ. ಆದರೂ ಪುಸ್ತಕ ಮುಚ್ಚಿದವರ ಮನಸ್ಸು ಕುಗ್ಗುವುದಿಲ್ಲ. ಬಿಗಿದದ್ದು ಸಡಿಲವಾದ ಅನುಭವವಾಗುತ್ತದೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಅದ್ಭುತವು ಶಾಂತಕ್ಕೆ ತಿರುಗುವ ಬಗೆ ಇದು. ವಿಸ್ಮಯವೆಂಬ ಸ್ಥಾಯಿಭಾವವನ್ನು ಬಹುಕಾಲ ಕಾಪಾಡಿಕೊಂಡು ಬಂದು, ಕೊನೆಯಲ್ಲಿ ಪಡೆದುಕೊಳ್ಳಬೇಕೆಂಬ ಹಟವನ್ನೇ ಕೃತಿ ಬಿಡಿಸಿಬಿಡುತ್ತದೆ. ಫಲಿತಾಂಶವೇ ಸರ್ವಸ್ವವೆಂದು ಕೇಳುತ್ತ ಬೆಳೆದ ಹದಿನೆಂಟರ ವಯಸ್ಸಿನವರಿಗೆ ಈ ಸಡಿಲಿಕೆ ಸಣ್ಣ ಕಾಣಿಕೆಯಲ್ಲ.

ಎರಡನೆಯ ಓದು: ಮಂದಣ್ಣನ ಕಡೆಗೆ

ಅಂತ್ಯ ತಿಳಿದ ಮೇಲೆ ಓತಿಯ ಕುತೂಹಲ ಹಿಂದೆ ಸರಿಯುತ್ತದೆ. ಆಗ ಬೇರೊಂದು ಪ್ರಶ್ನೆ ಏಳುತ್ತದೆ: ಅದನ್ನು ಮೊದಲು ಕಂಡವರು ಯಾರು? ವಿಜ್ಞಾನಿಯಲ್ಲ, ಓದಿಕೊಂಡ ನಿರೂಪಕನಲ್ಲ, ಕ್ಯಾಮೆರಾ ಹಿಡಿದ ಪ್ರಭಾಕರನೂ ಅಲ್ಲ. ಊರವರ ಕಣ್ಣಿನಲ್ಲಿ ಉಂಡಾಡಿಯಾದ ಮಂದಣ್ಣ.

ಮಂದಣ್ಣ ತನ್ನನ್ನು ಜ್ಞಾನಿಯೆಂದು ಭಾವಿಸಿಕೊಂಡವನಲ್ಲ. ಅವನ ಆಸೆಗಳು ಆ ವಯಸ್ಸಿನ ಎಲ್ಲರ ಆಸೆಗಳೇ: ಒಂದು ಸಣ್ಣ ನೌಕರಿ, ಮದುವೆ, ನಾಲ್ವರ ನಡುವೆ ಮರ್ಯಾದೆ. ಕಾಡಿನಲ್ಲಿ ಅವನು ನೋಡುವ ನೋಟ ಅಪರೂಪದ್ದೆಂಬುದು ಅವನಿಗೆ ಗೊತ್ತಿಲ್ಲ, ಏಕೆಂದರೆ ಅದಕ್ಕೆ ಯಾರೂ ಅಂಕ ಕೊಟ್ಟಿಲ್ಲ. ನಿರೂಪಕನಿಗೂ ಆರಂಭದಲ್ಲಿ ಅವನ ವಿಷಯದಲ್ಲಿ ತಾತ್ಸಾರವೇ. ಇಂಥವನನ್ನು ಅಷ್ಟು ದೊಡ್ಡ ವಿಜ್ಞಾನಿ ಏಕೆ ಹಚ್ಚಿಕೊಂಡಿದ್ದಾರೆಂಬುದು ಅವನಿಗೆ ಒಗಟು. ಕರ್ವಾಲೋ ಅವರಿಗಾದರೋ ಮಂದಣ್ಣ ಹುಟ್ಟಿನಿಂದಲೇ ನಿಸರ್ಗ ವಿಜ್ಞಾನಿ. ಅವರು ಅವನನ್ನು ಕೇಳುತ್ತಾರೆ. ಅವನು ಹೇಳಿದುದನ್ನು ನಂಬುತ್ತಾರೆ. ಕಳ್ಳಭಟ್ಟಿಯ ಪ್ರಕರಣದಲ್ಲಿ ಅವನು ಸಿಕ್ಕಿಬಿದ್ದಾಗ ಕೈಬಿಡುವುದಿಲ್ಲ.

ಕೃತಿಯ ಸಾಂತ್ವನದ ಮೂಲ ಇಲ್ಲಿದೆ. ‘ಚಿಂತಿಸಬೇಡ, ಎಲ್ಲವೂ ಸರಿಹೋಗುತ್ತದೆ’ ಎಂಬ ಭರವಸೆಯನ್ನು ‘ಕರ್ವಾಲೋ’ ಎಲ್ಲಿಯೂ ಕೊಡುವುದಿಲ್ಲ. ಅದು ತೋರಿಸುವುದು ಒಂದು ಸಂಬಂಧವನ್ನು: ಬಲ್ಲವನೊಬ್ಬ ಬಾರದವನೆನಿಸಿಕೊಂಡವನ ಮುಂದೆ ಕುಳಿತು ಪ್ರಶ್ನೆ ಕೇಳುವುದನ್ನು. ತನಗೇನೂ ತಿಳಿಯದೆಂದು ನಂಬಿಬಿಟ್ಟ ಓದುಗನಿಗೆ ಇಂಥ ಸಂಬಂಧವೊಂದು ಸಾಧ್ಯವೆಂಬುದೇ ಧೈರ್ಯ.

ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ಬಾಲ್ಯಸ್ಮೃತಿ ‘ತೊತ್ತೋಚಾನ್’ ಜಗತ್ತಿನಾದ್ಯಂತ ಎಳೆಯರನ್ನು ಸಂತೈಸಿರುವುದೂ ಇದೇ ದಾರಿಯಿಂದ. ಒಂದು ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿ ಮತ್ತೊಂದು ಶಾಲೆಗೆ ಬರುತ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳ ಮಾತನ್ನು ನಾಲ್ಕು ಗಂಟೆ ಕೇಳುತ್ತ ಕೂರುತ್ತಾರೆ. ಆಲಿಸುವ ಹಿರಿಯರು ಸಿಕ್ಕಾಗ ಕಿರಿಯರ ಬೆನ್ನು ನೆಟ್ಟಗಾಗುತ್ತದೆಂಬ ಸತ್ಯ ಎರಡು ಕೃತಿಗಳಿಗೂ ಸಮಾನ.

ಮರಾಠಿಯ ಶ್ಯಾಮ, ಕನ್ನಡದ ಮಂದಣ್ಣ

ನಾರಾಯಣಪೇಟೆಯ ಕಡೆ ಮರಾಠಿ ಬಲ್ಲ ಮನೆಗಳೂ ಇರುವುದರಿಂದ ಇನ್ನೊಂದು ಹೋಲಿಕೆ ಪ್ರಯೋಜನಕರ. ಸಾನೆ ಗುರೂಜಿ 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚಿ ಆಯಿ’ 1935ರಲ್ಲಿ ಪ್ರಕಟವಾಗಿ ಮರಾಠಿ ಮನೆಗಳ ಪುಸ್ತಕವಾಯಿತು. ಅದನ್ನು ಆಧರಿಸಿ ಪ್ರ.ಕೆ. ಅತ್ರೆ 1953ರಲ್ಲಿ ತೆಗೆದ ಚಲನಚಿತ್ರ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ಮೊದಲ ಚಿತ್ರ. ಶ್ಯಾಮ ರಾತ್ರಿಗೊಂದರಂತೆ ತನ್ನ ತಾಯಿಯ ನೆನಪುಗಳನ್ನು ಸಂಗಡಿಗರಿಗೆ ಹೇಳುತ್ತಾನೆ. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟ ಹಿಡಿದ ಮಗನಿಗೆ ತಾಯಿ ತನ್ನ ಸೀರೆಯ ಸೆರಗನ್ನೇ ಹಾಸಿ, ಮನಸ್ಸಿಗೂ ಕೊಳೆ ಹತ್ತದಂತೆ ನೋಡಿಕೊಳ್ಳಲು ತಿಳಿಹೇಳುವ ಪ್ರಸಂಗವನ್ನು ಮರಾಠಿ ಬಲ್ಲವರು ಮರೆಯುವುದಿಲ್ಲ.

ಎರಡೂ ಸಂತೈಸುವ ಪುಸ್ತಕಗಳೇ; ಸಂತೈಸುವ ಬಗೆ ಬೇರೆ. ‘ಶ್ಯಾಮಚಿ ಆಯಿ’ ಓದುಗನನ್ನು ಅಳಿಸಿ ಹಗುರಗೊಳಿಸುತ್ತದೆ. ಕಳೆದುಹೋದ ಮನೆಗೆ, ಕಳೆದುಹೋದ ತಾಯಿಗೆ ಅದು ಕರೆದೊಯ್ಯುತ್ತದೆ. ಅದರ ದಿಕ್ಕು ಹಿಂದಕ್ಕೆ. ‘ಕರ್ವಾಲೋ’ ನಗಿಸುತ್ತ, ಅಲೆಸುತ್ತ ಹೊರಗೆ ಕರೆದೊಯ್ಯುತ್ತದೆ. ಅದರ ದಿಕ್ಕು ಇನ್ನೂ ಕಾಣದುದರ ಕಡೆಗೆ. ಒಂದರಲ್ಲಿ ತಿದ್ದುವ ಹಿರಿಯರು, ಇನ್ನೊಂದರಲ್ಲಿ ಕೇಳುವ ಹಿರಿಯರು. ಬೆಳೆಯುವ ವಯಸ್ಸಿಗೆ ಇಬ್ಬರೂ ಬೇಕು. ಆದರೆ ತಿದ್ದಿಸಿಕೊಂಡೇ ದಣಿದ ವಿದ್ಯಾರ್ಥಿಗೆ ಎರಡನೆಯವರ ಅಗತ್ಯ ಹೆಚ್ಚು.

ಗಡಿಯ ಓದುಗ ಮತ್ತು ಮನೆಯ ಮಾತು

ಗಡಿಯ ವಿದ್ಯಾರ್ಥಿಯ ಈ ದಣಿವಿಗೆ ಒಂದು ಚರಿತ್ರೆಯುಂಟು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಆ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆಗಳಿದ್ದ ಮಹಬೂಬನಗರ ಜಿಲ್ಲೆಯೂ ಆಂಧ್ರಪ್ರದೇಶದ ಭಾಗವಾಯಿತು. 2014ರಲ್ಲಿ ಇವೆಲ್ಲ ತೆಲಂಗಾಣಕ್ಕೆ ಬಂದವು. ಗದ್ವಾಲ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರವಾಯಿತು, ನಾರಾಯಣಪೇಟೆ 2019ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗೆರೆಗಳು ಸರಿದವು, ಮನೆಯ ಮಾತು ಗೆರೆಯಂತೆ ಸರಿಯುವುದಿಲ್ಲ. ಒಂದೇ ಅಂಗಳದಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ ಕೇಳುತ್ತವೆ. ಪಠ್ಯಪುಸ್ತಕ ‘ಇದೆ’ ಎನ್ನುವಲ್ಲಿ ಮನೆಯವರು ‘ಅದ’ ಎನ್ನುತ್ತಾರೆ. ಇಂಥ ಮನೆಯಿಂದ ಬಂದ ವಿದ್ಯಾರ್ಥಿ ಎರಡು ಕಡೆಯೂ ಅಳುಕುತ್ತಾನೆ: ತೆಲುಗಿನವರ ನಡುವೆ ಕನ್ನಡದವನು, ಕನ್ನಡದ ತರಗತಿಯಲ್ಲಿ ‘ಶುದ್ಧ’ ಕನ್ನಡ ಬಾರದವನು. ತರಗತಿಯಲ್ಲಿ ಅವನು ಬಾಯಿ ತೆರೆಯದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ.

‘ಕರ್ವಾಲೋ’ವನ್ನು ಅಂಥವನು ಕಿವಿಯಿಂದಲೂ ಓದಬೇಕು. ಮಂದಣ್ಣ, ಕರಿಯಪ್ಪ, ಯಂಗ್ಟರ ಮಾತು ಮಲೆನಾಡಿನ ಆಡುಮಾತು. ಪುಟದ ಮೇಲೆ ಅದು ಯಾರ ಕ್ಷಮೆಯನ್ನೂ ಕೇಳದೆ ನಿಂತಿದೆ. ವಿಜ್ಞಾನಿಯ ವಿವರಣೆಯೂ ಮಂದಣ್ಣನ ವರ್ಣನೆಯೂ ಒಂದೇ ಪುಟದಲ್ಲಿ ಸಮನಾಗಿ ಬಾಳುತ್ತವೆ. ಒಂದು ಸಂಗತಿಯನ್ನು ಗ್ರಾಂಥಿಕ ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ಅದು ಹೆಚ್ಚು ಸತ್ಯವಾಗುವುದಿಲ್ಲವೆಂಬುದನ್ನು ಕೃತಿ ವಾದಿಸದೆಯೇ ತೋರಿಸಿಕೊಡುತ್ತದೆ.

ಇದು ಕನ್ನಡಕ್ಕೆ ಹೊಸ ವಿಚಾರವೇನೂ ಅಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿತು. ಅಲ್ಲಿಯ ಜನ ಓದನ್ನು ಉದ್ದೇಶಿಸಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಮೆಚ್ಚಿತು. ದೇಶ ದೇಶದ ಕನ್ನಡಗಳು ಬೇರೆ ಬೇರೆಯಾಗಿರುವುದನ್ನೂ ಅದು ಗಮನಿಸಿದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಾರಾಯಣಪೇಟೆಗೆ ನೆರೆಯ ಸೀಮೆಯೇ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಆ ಮೆಚ್ಚುಗೆಯ ಮಾತು ಮಂದಣ್ಣನಂಥವರನ್ನು ಕುರಿತದ್ದೆಂದು ಒಮ್ಮೆ ಹೊಳೆದರೆ ಹಳಗನ್ನಡದ ಪಾಠವೂ ಹೊಸಗನ್ನಡದ ಪಾಠವೂ ಒಂದಕ್ಕೊಂದು ಕೈ ಚಾಚುತ್ತವೆ.

ಗದ್ವಾಲದ ಸೀರೆಯ ಉದಾಹರಣೆಯನ್ನೂ ನೋಡಬಹುದು. ಅದರ ಒಡಲು ಹತ್ತಿಯದು, ಅಂಚು ಸೆರಗುಗಳು ರೇಷ್ಮೆಯವು. ಬೇರೆ ಬೇರೆ ನೂಲುಗಳು ಕೂಡುವ ಆ ಸಂಧಿಯನ್ನು ನೇಕಾರ ಮರೆಮಾಚುವುದಿಲ್ಲ. ಸೀರೆಗೆ ಹೆಸರು ಬಂದದ್ದೇ ಆ ಕೂಡಿಕೆಯಿಂದ. ಎರಡು ಮೂರು ಮಾತುಗಳ ನಡುವೆ ಬೆಳೆದವರ ಭಾಷೆಯನ್ನು ಕೊರತೆಯೆಂದು ಎಣಿಸುವ ಮುನ್ನ ಈ ನೆಯ್ಗೆಯನ್ನು ನೆನೆಯುವುದು ಒಳ್ಳೆಯದು.

ಬೆರಗು ಎಲ್ಲಿದೆ?

ಮೂರನೆಯ ಓದಿಗೆ ಒಂದು ಸಂಗತಿ ತಿಳಿದಿರಬೇಕು. ಹಾರುವ ಓತಿ ಕೇವಲ ಕಲ್ಪನೆಯ ಜೀವಿಯಲ್ಲ. ‘ಡ್ರಾಕೊ’ ಕುಲಕ್ಕೆ ಸೇರಿದ ಓತಿಯ ಒಂದು ಪ್ರಭೇದ ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳಿಗೆ ಅಂಟಿದ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ, ಅದು ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಕಾದಂಬರಿಯಲ್ಲಿ ಅದು ಕೋಟ್ಯಂತರ ವರ್ಷಗಳ ವಿಕಾಸಕ್ಕೆ ಸಾಕ್ಷಿಯಾಗಿ ಬರುತ್ತದೆ. ಅದರ ಅಪೂರ್ವತೆ ಕಥೆಯ ಅಗತ್ಯ. ಹೊರಗಿನ ಲೋಕದಲ್ಲಿ ತೋಟದ ಆಳು ದಿನವೂ ಕಾಣಬಹುದಾದ ಪ್ರಾಣಿ ಅದು.

ಈ ತಿಳಿವಳಿಕೆಯಿಂದ ಕೃತಿಯ ಬೆರಗು ಕುಂದುವುದಿಲ್ಲ, ಇನ್ನೂ ಹತ್ತಿರ ಬರುತ್ತದೆ. ಅಪರೂಪವಾದದ್ದು ಪ್ರಾಣಿಗಿಂತ ಹೆಚ್ಚಾಗಿ ಅದನ್ನು ನಿಂತು ನೋಡುವ ಕಣ್ಣು. ಹಾಗಾದರೆ ಕಾಡಿಲ್ಲದ ಸೀಮೆಯಲ್ಲಿಯೂ ಅಂಥ ನೋಟಕ್ಕೆ ವಸ್ತುವಿರಬೇಕು. ಮಕ್ತಲಿಗೆ ಸಮೀಪದ ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ಅದು ಎದ್ದೇ ನಿಂತಿದೆ. ಅಲ್ಲಿಯ ಬೃಹತ್ ಶಿಲಾಯುಗದ ನಿಲುಸುಗಲ್ಲುಗಳು 3,000 ವರ್ಷಗಳಿಗೂ ಹಿಂದಿನವೆಂದು ಅಂದಾಜು. ಕಲ್ಲೊಂದರ ಮೇಲೆ ಕೊರೆದ ಬಟ್ಟಲಿನಾಕಾರದ ಕುಳಿಗಳಲ್ಲಿ ಸಪ್ತರ್ಷಿಮಂಡಲದ ಆಕೃತಿಯನ್ನು ವಿದ್ವಾಂಸರು ಗುರುತಿಸಿದ್ದಾರೆ. 2025ರಲ್ಲಿ ಈ ನೆಲೆ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಎಷ್ಟೋ ಮುನ್ನವೇ ಊರವರು ಆ ಕಲ್ಲುಗಳ ನಡುವೆ ಉತ್ತಿದ್ದಾರೆ, ದನ ಮೇಯಿಸಿದ್ದಾರೆ. ಹಾರುವ ಓತಿಯನ್ನು ಮಂದಣ್ಣ ಕಂಡ ಹಾಗೆ ಈ ಕಲ್ಲುಗಳನ್ನು ದಿನವೂ ಕಂಡವರಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳುವ ಕೆಲಸ ಕನ್ನಡ ವಿದ್ಯಾರ್ಥಿಗಳದ್ದೂ ಹೌದು.

ಒಪ್ಪದೆ ಓದುವುದು

ಪ್ರಿಯವಾದ ಕೃತಿಯನ್ನು ಪ್ರಶ್ನಿಸುವುದು ಅದಕ್ಕೆ ಮಾಡುವ ಅಪಚಾರವಲ್ಲ. ‘ಕರ್ವಾಲೋ’ ಮೂಲತಃ ಗಂಡಸರ ಲೋಕ. ಮಂದಣ್ಣನ ಮದುವೆ ಕಥೆಯ ಮುಖ್ಯ ಎಳೆಯಾದರೂ ರಾಮಿಯ ಮನಸ್ಸಿನೊಳಗೆ ನಿರೂಪಣೆ ಹೊಕ್ಕು ನೋಡುವುದಿಲ್ಲ. ಕಾಡಿಗೆ ಹೊರಡುವ ತಂಡದಲ್ಲಿ ಹೆಂಗಸರಿಲ್ಲ. ಇಂದು ಐಚ್ಛಿಕ ಕನ್ನಡದ ತರಗತಿಗಳಲ್ಲಿ ಕುಳಿತ ಹೆಣ್ಣುಮಕ್ಕಳು ತಮ್ಮನ್ನು ಎಲ್ಲಿ ಕಂಡುಕೊಳ್ಳಬೇಕೆಂಬ ಪ್ರಶ್ನೆ ನ್ಯಾಯವಾದುದು. ಮಂದಣ್ಣನಲ್ಲಿ ಕಂಡುಕೊಳ್ಳಲು ಅಡ್ಡಿಯಿಲ್ಲ. ಆದರೆ ರಾಮಿ ಏನನ್ನು ಕಂಡಿದ್ದಳೆಂದು ಕೇಳುವ ಕರ್ವಾಲೋ ಕಾದಂಬರಿಯಲ್ಲಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಮಂದಣ್ಣನ ಬೆಲೆ ನಮಗೆ ತಿಳಿಯುವುದು ಕರ್ವಾಲೋ ಅದನ್ನು ಗುರುತಿಸಿದ್ದರಿಂದ. ಅವರು ಆ ಊರಿಗೆ ಬಾರದೆಯೇ ಇದ್ದಿದ್ದರೆ? ಗುರುತಿಸುವವರು ಸಿಗದ ಮಂದಣ್ಣಂದಿರ ಗತಿಯೇನು? ಈ ಅಸಮಾಧಾನವನ್ನು ಕೃತಿ ಪರಿಹರಿಸುವುದಿಲ್ಲ. ಆದರೆ ನಿರೂಪಕನ ಬದಲಾವಣೆಯ ಮೂಲಕ ಒಂದು ದಾರಿ ತೋರುತ್ತದೆ. ತಾತ್ಸಾರದಿಂದ ಆರಂಭಿಸಿದ ಅವನು ಕೊನೆಗೆ ಮಂದಣ್ಣನ ಕಣ್ಣನ್ನು ನಂಬಿ ಕಾಡಿಗೆ ಹೊರಡುತ್ತಾನೆ. ಗುರುತಿಸುವುದನ್ನು ಕಲಿಯಬಹುದು ಎಂಬುದಕ್ಕೆ ಅವನೇ ಉದಾಹರಣೆ. ಮುಂದೆ ಶಿಕ್ಷಕರಾಗಿ ಕೃಷ್ಣಾ, ಮಾಗನೂರು, ಮಕ್ತಲಿನ ಕಡೆಯ ತರಗತಿಗಳಲ್ಲಿ ನಿಲ್ಲಲಿರುವ ವಿದ್ಯಾರ್ಥಿಗಳಿಗೆ ಈ ಪಾತ್ರ ಮಂದಣ್ಣನಷ್ಟೇ ಮುಖ್ಯ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತ ಹುಡುಗ ಹುಡುಗಿಯರನ್ನು ಮೊದಲು ಕೇಳಬೇಕಾದವರು ಅವರೇ.

ಅಭ್ಯಾಸಕ್ಕೆ

1. ಮಂದಣ್ಣನ ಕುರಿತು ನಿರೂಪಕನ ಅಭಿಪ್ರಾಯ ಬದಲಾಗುವ ಮೂರು ಸಂದರ್ಭಗಳನ್ನು ಗುರುತಿಸಿ. ಪ್ರತಿಯೊಂದರಲ್ಲಿಯೂ ಬದಲಾವಣೆಗೆ ಕಾರಣವೇನು?

2. ಓತಿ ಸೆರೆ ಸಿಕ್ಕಿದ್ದರೆ ಕಾದಂಬರಿಯ ಅರ್ಥ ಹೇಗೆ ಬೇರೆಯಾಗುತ್ತಿತ್ತು? ಅದ್ಭುತ ಮತ್ತು ಶಾಂತ ರಸಗಳ ಹಿನ್ನೆಲೆಯಲ್ಲಿ ಚರ್ಚಿಸಿ.

3. ಪಾತ್ರಗಳ ಆಡುಮಾತನ್ನೂ ನಿರೂಪಕನ ಭಾಷೆಯನ್ನೂ ಒಂದು ಅಧ್ಯಾಯದಲ್ಲಿ ಬೇರ್ಪಡಿಸಿ ಬರೆಯಿರಿ. ಅದೇ ಸಂಭಾಷಣೆಯನ್ನು ನಿಮ್ಮ ಮನೆಯ ಕನ್ನಡದಲ್ಲಿ ಮತ್ತೆ ಬರೆಯಿರಿ. ತೆಲುಗು, ಉರ್ದು, ಮರಾಠಿ ಪದಗಳು ಬಂದರೆ ತೆಗೆದುಹಾಕಬೇಡಿ.

4. ರಾಮಿಯ ದೃಷ್ಟಿಯಿಂದ ಎರಡು ಪುಟಗಳ ನಿರೂಪಣೆ ಬರೆಯಿರಿ.

5. ನಿಮ್ಮ ಊರಿನ ನೇಕಾರರು, ಮೀನುಗಾರರು, ಕುರಿಗಾಹಿಗಳು ಅಥವಾ ಮನೆಯ ಅಜ್ಜಿಯರಲ್ಲಿ ಒಬ್ಬರನ್ನು ಅವರ ಕೆಲಸದ ಕುರಿತು ಒಂದು ಗಂಟೆ ಕೇಳಿ. ಅವರು ಬಳಸಿದ, ನಿಘಂಟಿನಲ್ಲಿ ನಿಮಗೆ ಸಿಗದ ಹತ್ತು ಪದಗಳನ್ನು ಅರ್ಥದೊಡನೆ ಬರೆದು ತನ್ನಿ.